ಪರೀಕ್ಷೆಗೆ ಬಂದ ಹಾಲು

ಈಗಷ್ಟೇ ಹಾಲು ಕುಡಿದು ಕಣ್ಣು ಮುಚ್ಚಿದ್ದ ಕೂಸು ಮತ್ತೆ ಅಳತೊಡಗಿತು. ಚೊಚ್ಚಲ ಬಾಣಂತಿ ಹಲ್ಲು ಕಚ್ಚಿಕೊಂಡು ಅದನ್ನು ಎದೆಗೆ ಹಾಕಿಕೊಂಡಳು. ಮೊಲೆತೊಟ್ಟು ಬಿರಿದಿತ್ತು, ಕೂಸು ಬಾಯಿ ಹಾಕಿದರೆ ಜೀವ ಹೋದಂತಾಗುತ್ತಿತ್ತು.

"ಹಾಲು ಸಾಲ್ತಿಲ್ಲ ಕಣೇ, ಅದಕ್ಕೇ ಹೀಗೆ ಅಳ್ತಿದೆ," ಎಂದರು ಅತ್ತೆ, ಕೂಸಿನ ಒದ್ದೆ ಬಟ್ಟೆ ಎತ್ತಿಕೊಳ್ಳುತ್ತಾ. ಕೆಟ್ಟ ಮನಸ್ಸಿನವರೇನಲ್ಲ. ಮೊಮ್ಮಗಳು ಅತ್ತರೆ ಅವರಿಗೆ ಕೈಕಾಲೇ ಆಡುತ್ತಿರಲಿಲ್ಲ.

"ಇದೆಯೋ ಇಲ್ವೋ ನೋಡೇ ಬಿಡೋಣ," ಎಂದು ಸೊಸೆ ಗಾಜಿನ ಲೋಟಕ್ಕೆ ಹಿಂಡಿದಳು. ತಳ ಮುಚ್ಚುವಷ್ಟೂ ಬರಲಿಲ್ಲ.

ಗಂಡನಿಗೆ ಡೈರಿಯಲ್ಲಿ ಕೆಲಸ. ಕ್ಯಾನುಗಳಲ್ಲಿ ಬಂದ ಹಾಲನ್ನು ಪರೀಕ್ಷಿಸಿ, ನೀರು ಬೆರೆಸಿದ್ದನ್ನು ವಾಪಸ್ ಕಳಿಸುವುದು. ಇವನ ಕಣ್ಣು ತಪ್ಪಿಸಿ ನೀರು ಬೆರೆಸುವವನು ಇನ್ನೂ ಹುಟ್ಟಿಲ್ಲವೆಂದು ನೆಂಟರು ತಮಾಷೆ ಮಾಡುತ್ತಿದ್ದರು.

"ನೀನೇ ನೋಡೋ," ಎಂದು ಅತ್ತೆ ಲೋಟವನ್ನು ಮಗನ ಕೈಗಿತ್ತರು. ಅವನು ಅದನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದು, ಡೈರಿಯಲ್ಲಿ ಹೇಳುವಂತೆಯೇ ಹೇಳಿದ: "ನೀರು ಜಾಸ್ತಿ."

ಅಭ್ಯಾಸಬಲದಿಂದ ಬಂದ ಮಾತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬಾಣಂತಿಯ ಮುಖ ಅಷ್ಟರಲ್ಲಿ ಬಿಳಚಿಕೊಂಡಿತ್ತು.

ಮಧ್ಯಾಹ್ನ ಪುಡಿ ಹಾಲಿನ ಬಾಟಲಿ ಬಂತು. ಕೂಸು ಗಟಗಟ ಕುಡಿದು ಮಲಗಿತು. ಮಾರನೆಯ ಬೆಳಿಗ್ಗೆ ಬಾಣಂತಿಗೆ ಎದೆ ಕಲ್ಲಾಗಿ ಜ್ವರ ಬಂದಿತ್ತು. ಕೂಸನ್ನು ಹತ್ತಿರ ತಂದರೆ ಅದು ಮುಖ ತಿರುಗಿಸಿತು. "ನಾನ್ಯಾವ ಸೀಮೆ ತಾಯಿ," ಎಂದು ಅವಳು ಗೋಡೆಯ ಕಡೆ ಹೊರಳಿ ಅತ್ತಳು. ಗಂಡ ಆಟೋ ತರಲು ಓಡಿದ.

ಆಸ್ಪತ್ರೆಯಲ್ಲಿ ಡಾಕ್ಟರು ಜ್ವರಕ್ಕೆ ಔಷಧಿ ಬರೆದರು. ನರ್ಸ್ ಕೂಸನ್ನು ಬಾಣಂತಿಯ ಎದೆಗೆ ಹಿಡಿದು ನೋಡಿದಳು. "ಹಾಲಿದೆಯಮ್ಮ. ಮಗು ತೊಟ್ಟಿನ ತುದಿ ಮಾತ್ರ ಕಚ್ತಿದೆ, ಅದಕ್ಕೇ ನೋವು. ಸುತ್ತಲಿನ ಕಪ್ಪು ಭಾಗಾನೂ ಬಾಯೊಳಗೆ ಹೋಗ್ಬೇಕು. ಶುರುವಿನಲ್ಲಿ ಮಕ್ಕಳು ಗಳಿಗೆಗೊಂದ್ಸಲ ಕೇಳ್ತವೆ. ಕುಡಿದಷ್ಟೂ ಊರುತ್ತೆ."

"ನೀರು ನೀರಾಗಿತ್ತಲ್ಲ?" ಎಂದರು ಅತ್ತೆ.

"ಮೊದಲು ಬರೋ ಹಾಲು ತೆಳ್ಳಗೇ ಇರುತ್ತೆ. ಬಾಟಲಿ ಕೊಡೋಕೆ ಮುಂಚೆ ಬಟ್ಟೆ ಒದ್ದೆ ಮಾಡ್ತಿತ್ತಾ?"

"ಮಾಡ್ತಿತ್ತಾ ಅಂತ ಕೇಳ್ತೀರಾ! ಒಗೆದೂ ಒಗೆದೂ ನನ್ನ ಸೊಂಟ ಬಿದ್ದೋಯ್ತು!" ಎಂದವರಿಗೆ ಥಟ್ಟನೆ ಹೊಳೆಯಿತು: ಹೊಟ್ಟೆಗೆ ಹಾಲು ಬೀಳದೆ ಅಷ್ಟು ಬಟ್ಟೆ ಒದ್ದೆಯಾಗುತ್ತಿರಲಿಲ್ಲ. ಆಮೇಲೆ ಮಗನನ್ನು ನೋಡುತ್ತಾ ಮೆಲ್ಲಗೆ, "ನೀನು ಹುಟ್ಟಿದಾಗ ನನಗೂ ಹಾಲು ಸಾಲಲ್ಲ ಅಂದಿದ್ರು ಕಣೋ. ನಾನೂ ನಂಬಿದ್ದೆ," ಎಂದರು.

ನಾಳೆ ಮಗುವಿನ ತೂಕ ನೋಡೋಣ, ಮತ್ತೆ ಬನ್ನಿ ಎಂದಳು ನರ್ಸ್.

ಮನೆಗೆ ಬಂದರೂ ಕೂಸು ಎದೆಗೆ ಬಾಯಿ ಹಾಕಲಿಲ್ಲ. ಬಾಣಂತಿ ಸೋತುಹೋದಳು. ಮತ್ತೆ ಲೋಟಕ್ಕೆ ಹಿಂಡಿ, ಗಂಡನ ಮುಂದೆ ಹಿಡಿದಳು.

"ಇವತ್ತಾದ್ರೂ ಸರಿಯಾಗಿದೆಯಾ ನೋಡ್ರೀ."

ಅವನು ಲೋಟ ತೆಗೆದುಕೊಂಡ, ಆದರೆ ಅದರೊಳಗೆ ನೋಡಲಿಲ್ಲ. ಚಮಚ ತಂದು ಆ ಹಾಲನ್ನು ಒಂದು ಹನಿಯೂ ಚೆಲ್ಲದಂತೆ ಮಗಳ ತುಟಿಗೆ ಹಾಕಿದ. ಖಾಲಿ ಲೋಟವನ್ನು ತೊಳೆದು ಮೇಲಿನ ಶೆಲ್ಫಿನಲ್ಲಿ ಬೋರಲು ಹಾಕಿದ.

"ಇದನ್ನ ನೋಡೋ ಕೆಲಸ ನಂದಲ್ಲ. ತಪ್ಪಾಯ್ತು," ಎಂದ.

ಅತ್ತೆ ಮಂಚ ಹತ್ತಿ ಸೊಸೆಯ ಹಿಂದೆ ಕುಳಿತು, ಅವಳ ಬೆನ್ನನ್ನು ತಮ್ಮೆದೆಗೆ ಒರಗಿಸಿಕೊಂಡರು. ಎದೆಗೆ ಹಾಕಿದರೆ ಕೂಸು ಹಿಡಿಯಿತು, ಬಿಟ್ಟಿತು, ಚೀರಿತು.

"ಇನ್ನೊಂದ್ಸಲ," ಎಂದರು ಅತ್ತೆ. "ನಾನಿದೀನಿ."