ನಾಲ್ಕು ಜನದ ಕೂಪನ್ನು

ಅರಸೀಕೆರೆಯ ಕೊಬ್ಬರಿ ಮಂಡಿ ಚಿದಂಬರನ ಮನೆಯಲ್ಲಿ ದೇವರಿಗಿಂತ ದೊಡ್ಡವರು ನಾಲ್ಕು ಜನ ಇದ್ದರು. ಅವರನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಹೆಸರಿಲ್ಲ, ಊರಿಲ್ಲ, ಮನೆಯಿಲ್ಲ, ಮಠವಿಲ್ಲ. ಆದರೂ ಆ ಮನೆಯಲ್ಲಿ ಒಂದು ಕಡ್ಡಿ ಅಲ್ಲಾಡಬೇಕಾದರೂ ಅವರ ಅಪ್ಪಣೆ ಬೇಕಿತ್ತು. ಹೆಂಡತಿ ಹೇಮಲತಾ ಸ್ಕೂಟಿ ಕಲಿಯುತ್ತೇನೆ ಅಂದಾಗ ಚಿದಂಬರ ಕೇಳಿದ್ದು ಒಂದೇ ಮಾತು, "ನಾಲ್ಕು ಜನ ಏನಂತಾರೆ?" ಚೂಡಿದಾರ ಹಾಕಿಕೊಳ್ಳುತ್ತೇನೆ ಅಂದಾಗಲೂ, "ನಾಲ್ಕು ಜನ ಏನಂತಾರೆ?" ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಆ ನಾಲ್ಕು ಜನ ಬಾಯಿಬಿಟ್ಟು ಏನಾದರೂ ಅಂದದ್ದನ್ನು ಅವಳು ಕೇಳಿರಲಿಲ್ಲ. ಅನ್ನುವುದನ್ನೆಲ್ಲ ಚಿದಂಬರನೇ ಅನ್ನುತ್ತಿದ್ದ.

ಇನ್ನು ಹೋಟೆಲಿನ ಮಾತು. ಚಿದಂಬರನಿಗೆ ದಿನಾ ಬೆಳಿಗ್ಗೆ ಮಂಡಿ ಎದುರಿನ ಹೋಟೆಲಿನಲ್ಲಿ ಬೆಣ್ಣೆ ಹಾಕಿದ ಖಾಲಿದೋಸೆ ಆಗಲೇಬೇಕು. ಯಾಕ್ರೀ, ಮನೆಯಲ್ಲಿ ದೋಸೆ ಹುಯ್ಯಲ್ವಾ ಎಂದರೆ "ಅದು ವ್ಯವಹಾರ ಕಣೇ" ಎನ್ನುತ್ತಿದ್ದ. ದೋಸೆ ತಿನ್ನುವುದು ಎಂಥ ವ್ಯವಹಾರವೋ ಆ ಶಿವನೇ ಬಲ್ಲ. ಹೋಗಲಿ, ಒಂದು ಪಾರ್ಸಲ್ಲಾದರೂ ತನ್ನಿ ಎಂದರೆ ಚಟ್ನಿ ಚೆಲ್ಲುತ್ತೆ ಎನ್ನುತ್ತಿದ್ದ. ಲಾರಿಗಟ್ಟಲೆ ಕೊಬ್ಬರಿಯನ್ನು ಒಂದು ಗಿಟುಕೂ ಉದುರದಂತೆ ದಿಲ್ಲಿಗೆ ಕಳಿಸುವ ಮನುಷ್ಯನಿಗೆ ಒಂದು ಪೊಟ್ಟಣ ಚಟ್ನಿಯನ್ನು ಎರಡು ಬೀದಿ ದಾಟಿಸಲು ಆಗುತ್ತಿರಲಿಲ್ಲ!

ಹೇಮಲತಾಳ ಆಸೆ ದೊಡ್ಡದೇನಲ್ಲ. ಬೇರೆಯವರು ಬೇಯಿಸಿ, ಬೇರೆಯವರು ಬಡಿಸಿ, ತಾನು ಕೂತು ಬಿಸಿಬಿಸಿಯಾಗಿ ಒಂದು ಊಟ ಉಣ್ಣಬೇಕು. ಮದುವೆ ಮನೆಗೆ ಹೋದರೂ ಅವಳನ್ನು ಬಡಿಸುವುದಕ್ಕೇ ನಿಲ್ಲಿಸುತ್ತಿದ್ದರು. ಅವಳು ಕೊನೇ ಪಂಕ್ತಿಗೆ ಕೂರುವ ಹೊತ್ತಿಗೆ ಪಾಯಸದ ಪಾತ್ರೆಯಲ್ಲಿ ಸೌಟಿನ ಸದ್ದು ಮಾತ್ರ ಉಳಿದಿರುತ್ತಿತ್ತು. ಮನೆಯಲ್ಲಂತೂ ಎಲ್ಲರದ್ದೂ ಆದ ಮೇಲೆ, ಆರಿದ ಅನ್ನ, ಅಡುಗೆಮನೆಯ ಗೋಡೆ ಕಡೆ ಮುಖ.

ಹೀಗಿರುವಾಗ ಪಕ್ಕದ ಮನೆಯ ಶ್ಯಾಮಲಾ ಟೀಚರು ಫೋನಿನಲ್ಲಿ ಒಂದು ಕೂಪನ್ನು ತೋರಿಸಿದರು. ಬೇಲೂರಿನ ದೇವಸ್ಥಾನದ ರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲು. ಬಾಳೆಎಲೆ ಊಟ, ಹೋಳಿಗೆ, ತುಪ್ಪ. ನಾಲ್ಕು ಜನ ಸೇರಿ ಒಟ್ಟಿಗೆ ಕೊಂಡರೆ ಅರ್ಧಕ್ಕರ್ಧ ಬೆಲೆ. ಶರತ್ತು ಏನೆಂದರೆ ನಾಲ್ಕು ಜನವೂ ಒಂದೇ ಟೇಬಲ್ಲಿಗೆ ಬಂದು ಕೂತಿರಬೇಕು. "ಅಂತೂ ಆ ನಾಲ್ಕು ಜನ ಒಂದು ಒಳ್ಳೇ ಕೆಲಸಕ್ಕೆ ಬಂದರಲ್ಲ ಕಣ್ರೀ!" ಎಂದು ಹೇಮಲತಾ ನಕ್ಕಳು. ಅವಳು, ಶ್ಯಾಮಲಾ, ಎದುರು ಮಂಡಿಯವರ ಹೆಂಡತಿ ಅರುಣಾ, ಅರುಣಾಳ ಓರಗಿತ್ತಿ, ನಾಲ್ವರೂ ಗುಟ್ಟಾಗಿ ಪಾಲು ಹಾಕಿ ಕೊಂಡರು. ಕೂಪನ್ನು ಹೇಮಲತಾಳ ಫೋನಿನಲ್ಲಿ ಕೂತಿತು. ಗುರುವಾರವೇ ಅದರ ಕೊನೆಯ ದಿನ.

ಗುಟ್ಟು ಮಂಡಿಗೆ ಹೋಗದೆ ಇರುತ್ತದೆಯೇ? ಗುರುವಾರ ಬೆಳಿಗ್ಗೆ ಅರುಣಾ ಫೋನ್ ಮಾಡಿದಳು. "ಅಕ್ಕಾ, ನಮ್ಮೆಜಮಾನ್ರು ಬ್ಯಾಡ ಅಂದ್ರು. ಚಿದಂಬರಣ್ಣನೇ ಅಂದ್ರಂತೆ, ಹೆಂಗಸ್ರು ಹಿಂಗೆ ಹೋಟೆಲ್ ಸುತ್ತಿದ್ರೆ ನಾಲ್ಕು ಜನ ಏನಂತಾರೆ ಅಂತ." ಅವಳ ಹಿಂದೆಯೇ ಓರಗಿತ್ತಿಯೂ ಜಾರಿಕೊಂಡಳು. ಶ್ಯಾಮಲಾ ಟೀಚರದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. "ಬರಲ್ಲ ಅಂತಲ್ಲ ಹೇಮಾ, ಸ್ಕೂಲಲ್ಲಿ ಮೀಟಿಂಗ್ ಬಂದ್ಬಿಡ್ತು. ನನ್ನ ಪಾಲಿನದು ವಾಪಸ್ ಬರುತ್ತಾ ಅಂತ ಸ್ವಲ್ಪ ನೋಡಿ." ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ!

ಚಿದಂಬರ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮೀಸೆಯಲ್ಲೇ ನಗುತ್ತಿದ್ದ. ಆ ನಗು ನೋಡಿ ಹೇಮಲತಾಳ ಮೈ ಉರಿದುಹೋಯಿತು. ಬೀರುವಿನಿಂದ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ತೆಗೆದು ಮಂಚದ ಮೇಲೆ ಎಸೆದಳು.

"ಏನೇ ಇದು?"

"ಬೇಲೂರಿಗೆ ಹೋಯ್ತೀನಿ."

"ಒಬ್ಬಳೇ? ಒಂಟಿ ಹೆಂಗಸಿಗೆ ಯಾವನೇ ಎಲೆ ಹಾಕ್ತಾನೆ? ಹೋಗು, ಹೋಗು. ಹೊಟ್ಟೆ ಹಸ್ಕೊಂಡು ವಾಪಸ್ ಬಂದ್ರೆ, ಇನ್ಮೇಲೆ ಹೋಟ್ಲು ಅನ್ನೋ ಮಾತು ಈ ಮನೇಲಿ ಎತ್ತಂಗಿಲ್ಲ. ತಿಳೀತಾ?"

"ಆಗ್ಲಿ. ಉಂಡು ಬಂದ್ರೆ?"

"ಉಂಡಾದ ಮೇಲೆ ಮಾತಾಡು" ಎಂದು ಚಿದಂಬರ ಚಪ್ಪಲಿ ಮೆಟ್ಟಿ ವ್ಯವಹಾರಕ್ಕೆ ಹೊರಟ. ಅಂದರೆ ಖಾಲಿದೋಸೆಗೆ.

ಆಧಾರ್ ತೋರಿಸಿದರೆ ಹೆಂಗಸರಿಗೆ ಬಸ್ಸಿನಲ್ಲಿ ಕಾಸಿಲ್ಲ. ಕಂಡಕ್ಟರು "ಎಷ್ಟ್ ಜನಮ್ಮ?" ಎಂದಾಗ "ಒಬ್ಳೇ" ಎಂದಳು. ಭಯ ಆಗಲಿಲ್ಲ ಎಂದರೆ ಸುಳ್ಳು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಎದುರಿಗೇ ಅರಸೀಕೆರೆ ಬೋರ್ಡಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಇಳಿದು ಅದನ್ನು ಹತ್ತಿಬಿಟ್ಟರೆ ಮಧ್ಯಾಹ್ನದೊಳಗೆ ಮನೆ, ಯಾರಿಗೂ ತೊಂದರೆಯಿಲ್ಲ. ಒಂದು ಕಾಲನ್ನು ಮುಂದಕ್ಕೂ ಇಟ್ಟಳು. ಆಗ ಆ ಮೀಸೆಯೊಳಗಿನ ನಗು ನೆನಪಾಯಿತು. ತಲೆ ಮೇಲೆ ತಲೆ ಬಿದ್ದರೂ ಸರಿ ಎಂದು ಸೀಟಿಗೆ ಒರಗಿ ಕೂತಳು.

ಬೇಲೂರಿನ ಹೋಟೆಲಿನ ಮ್ಯಾನೇಜರ್ ನಟರಾಜ್ ಒಳ್ಳೆಯವನೇ. ಫೋನು ನೋಡಿದ, ಅವಳ ಹಿಂದೆ ಬಾಗಿಲ ಕಡೆ ನೋಡಿದ.

"ನಾಲ್ಕು ಜನ ಎಲ್ಲಿ ಮೇಡಂ?"

ಅಯ್ಯೋ, ಇಲ್ಲೂ ಅವರೇ! ಹೇಮಲತಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾನು ಬಂದಿದ್ದೀನಲ್ಲ" ಎಂದಳು.

"ನೀವು ನಾಲ್ಕು ಜನದಲ್ಲಿ ಒಬ್ರು ಮೇಡಂ. ಇನ್ನೂ ಮೂರು ಜನ ಬೇಕು. ಇಲ್ಲಾಂದ್ರೆ ಕೂಪನ್ ಸ್ಕ್ಯಾನ್ ಮಾಡೋ ಹಾಗಿಲ್ಲ. ಬೇಕಾದ್ರೆ ಒಂದು ಮಾಮೂಲಿ ಊಟದ ಟೋಕನ್ ತಗೊಳ್ಳಿ, ಅಲ್ಲಿ ಗೋಡೆ ಪಕ್ಕ ಒಂದು ಸೀಟ್ ಇದೆ."

ಗೋಡೆ ಪಕ್ಕ! ಗೋಡೆ ನೋಡಿಕೊಂಡು ಉಣ್ಣುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ಮನೆಯಲ್ಲಿ ಗೋಡೆಗೇನು ಬರವೇ? ಅವಳಿಗೆ ಸಿಟ್ಟು ನೆತ್ತಿಗೇರಿತು. ನಟರಾಜನ ಮೇಲಲ್ಲ, ಆ ಗೋಡೆಯ ಮೇಲೆ. "ಊಟ ಎಷ್ಟೊತ್ತಿನ ತನಕ?" ಎಂದಳು. ಮೂರಕ್ಕೆ ಬಂದ್ ಎಂದ. "ಎಲೆ ಹಾಕ್ಸಿಡಿ, ಬಂದೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು.

ಮೊದಲು ಕೇಳಿದ್ದು ದೇವಸ್ಥಾನ ನೋಡಿಕೊಂಡು ಬರುತ್ತಿದ್ದ ಇಬ್ಬರು ಪ್ರವಾಸಿ ಹೆಂಗಸರನ್ನು. "ಊಟಕ್ಕೆ ಬತ್ತೀರಾ? ದುಡ್ಡು ಕೊಡೋದು ಬ್ಯಾಡ" ಎಂದದ್ದೇ ತಡ, ಒಬ್ಬಳು ಬ್ಯಾಗನ್ನು ಎದೆಗೆ ಅಪ್ಪಿಕೊಂಡಳು, ಇನ್ನೊಬ್ಬಳು ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. ಕರೆದು ಅನ್ನ ಹಾಕುತ್ತೇನೆ ಎಂದರೂ ಕಳ್ಳಿಯಂತೆ ನೋಡುವ ಕಾಲ!

ದೇವಸ್ಥಾನದ ಮುಂದೆ ಒಬ್ಬ ಹೆಂಗಸು ಸೌತೆಕಾಯಿ ಸೀಳಿ ಉಪ್ಪುಖಾರ ಹಚ್ಚಿ ಮಾರುತ್ತಿದ್ದಳು. ಹೆಸರು ಕೆಂಚಮ್ಮ.

"ಊಟ ಆಯ್ತೇನವ್ವಾ?" ಎಂದಳು ಹೇಮಲತಾ.

"ಎಲ್ಲಿ ಆಯ್ತು ತಾಯಿ? ಮುದ್ದೆ ಕಟ್ಕೊಂಡು ಬಂದಿವ್ನಿ."

"ಮುದ್ದೆ ಸಂಜೆಗಿರ್ಲಿ. ಬಾ, ಹೋಟ್ಲಲ್ಲಿ ನನ್ ಜೊತೆ ಉಣ್ಣು."

ಕೆಂಚಮ್ಮ ಅವಳ ರೇಷ್ಮೆ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕವ್ವಾ, ಏನಾರ ಹರಕೆ ಹೊತ್ತಿದ್ಯಾ?"

"ಹರಕೆ ಅಲ್ಲ ಕಣವ್ವಾ, ಹಠ."

ಕೆಂಚಮ್ಮ ಪಕ್ಕನೆ ನಕ್ಕುಬಿಟ್ಟಳು. ಹರಕೆ ಎಂದಿದ್ದರೆ ಬರುತ್ತಿದ್ದಳೋ ಇಲ್ಲವೋ. "ಅಂಗಾರೆ ನಡಿ, ಬತ್ತೀನಿ" ಎಂದು ಬುಟ್ಟಿಯ ಮೇಲೆ ಗೋಣಿತಾಟು ಮುಚ್ಚಿ ಎದ್ದಳು. ಅವಳೇ ಇನ್ನೊಬ್ಬನನ್ನು ಹಿಡಿದುಕೊಟ್ಟಳು. ಗೆಂಡೆಹಳ್ಳಿಯ ಜವರಣ್ಣ, ಪಹಣಿ ಕೆಲಸಕ್ಕೆಂದು ತಾಲ್ಲೂಕು ಕಚೇರಿಗೆ ಬಂದು ನೆರಳಿನಲ್ಲಿ ಕೂತಿದ್ದ. "ಸಾಹೇಬ್ರು ಊಟಕ್ಕೆ ಹೋಗವ್ರೆ. ಅವರು ಉಣ್ಣೋ ಹೊತ್ನಲ್ಲಿ ನಾವೇನ್ ಉಪಾಸ ಇರ್ಬೇಕಾ?" ಎಂದು ಟವಲ್ಲು ಕೊಡವಿದ. ಗರ್ಭಗುಡಿಯ ಬಾಗಿಲು ಹಾಕಿದ್ದ ಹೊತ್ತು, ಚಪ್ಪಲಿ ಕಾಯುವ ಲಕ್ಕಪ್ಪ ಆಕಳಿಸುತ್ತಿದ್ದ. ಅವನು ಕೇಳಿದ್ದು ಒಂದೇ ಪ್ರಶ್ನೆ, "ಹೋಳಿಗೆ ಐತಾ?" ಐತೆ ಎಂದಳು. "ಮತ್ತೆ ಯಾಕ್ ನಿಂತಿದ್ದೀರಿ?" ಎಂದು ಅವನೇ ಮುಂದೆ ನಡೆದ.

ಈ ದಂಡು ಒಳಗೆ ಬಂದಾಗ ಹೋಟೆಲಿನಲ್ಲಿ ಉಣ್ಣುತ್ತಿದ್ದವರ ಕೈ ಅರ್ಧಕ್ಕೆ ನಿಂತಿತು. ಕೆಂಚಮ್ಮ ಬಾಗಿಲಲ್ಲೇ ಸೆರಗಿನಿಂದ ಕಾಲು ಒರೆಸಿಕೊಳ್ಳತೊಡಗಿದಳು. ನಟರಾಜ್ ತಲೆ ಕೆರೆದುಕೊಂಡ.

"ಮೇಡಂ, ಇದು ಒಂಥರಾ ಫ್ಯಾಮಿಲಿಗೆ ಅಂತ..."

"ಎಲ್ಲಿ ಬರೆದೈತೆ, ತೋರ್ಸಿ" ಹೇಮಲತಾ ದನಿ ತಗ್ಗಿಸಲಿಲ್ಲ. ಇಡೀ ಹೋಟೆಲು ಕೇಳಿದರೆ ಕೇಳಲಿ. "ನಾಲ್ಕು ಜನ ಅಂತ ಬರೆದೈತೆ. ಎಂಥಾ ಜನ ಅಂತ ಬರೆದಿಲ್ಲ. ನಮ್ ಮಠದ ದಾಸೋಹದಲ್ಲೂ ಕೇಳಲ್ಲ, ನಿಮ್ ಕೂಪನ್ನೂ ಕೇಳಿಲ್ಲ. ನೀವ್ಯಾಕ್ ಕೇಳ್ತೀರಾ? ಎಣಿಸ್ಕೊಳಿ, ಒಂದು, ಎರಡು, ಮೂರು." ಕೊನೆಗೆ ತನ್ನ ಎದೆ ಮುಟ್ಟಿಕೊಂಡಳು. "ನಾಲ್ಕು."

ನಟರಾಜ್ ಬೆರಳು ಮಾಡಿ ತಲೆಗಳನ್ನು ಎಣಿಸಿದ. ಆಮೇಲೆ ಫೋನಿನ ಮೇಲೆ ಯಂತ್ರ ಹಿಡಿದ. ಅದು ಕೀಂ ಎಂದಿತು. "ನಡುವಿನ ಟೇಬಲ್ಲೇ ಖಾಲಿ ಇದೆ ಮೇಡಂ, ಬನ್ನಿ" ಎಂದು ತಾನೇ ಕುರ್ಚಿ ಎಳೆದುಕೊಟ್ಟ.

ಎಲೆ ಬಿತ್ತು. ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಬಿದ್ದವು. ಬಡಿಸುವವನು ಅನ್ನದ ಪಾತ್ರೆ ತಂದ ಕೂಡಲೇ ಹೇಮಲತಾ ಎದ್ದುನಿಂತು ಸೌಟಿಗೆ ಕೈಚಾಚಿದಳು. ಯಾಕೆ ಎದ್ದಳೋ ಅವಳಿಗೇ ಗೊತ್ತಿಲ್ಲ. ಇಷ್ಟು ವರ್ಷದ ಚಾಳಿ, ಕೈ ಸುಮ್ಮನಿರಬೇಕಲ್ಲ.

"ಕೂತ್ಕೊಳ್ಳಿ ಅಮ್ಮಾ, ನಾನು ಬಡಿಸ್ತೀನಿ" ಎಂದ ಅವನು.

ಕೂತಳು. ಕಣ್ಣು ತುಂಬಿಬಂತು. ಇಂಥ ಸಣ್ಣ ಮಾತಿಗೆ ಅಳುತ್ತಿದ್ದೀನಲ್ಲ ಎಂದು ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಬಿಸಿ ಅನ್ನದ ಮೇಲೆ ತುಪ್ಪ ಬಿದ್ದು ಹಬೆ ಮುಖಕ್ಕೆ ಬಡಿಯಿತು. ಕೆಂಚಮ್ಮ ಏನೂ ಕಾಣದವಳಂತೆ ತನ್ನ ಎಲೆಯ ಹಪ್ಪಳವನ್ನು ಇವಳ ಎಲೆಗೆ ಇಟ್ಟಳು.

ಹೋಳಿಗೆಯ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಚಿದಂಬರ. ಎಂಜಲು ಕೈ ಅಂತ ಹೇಮಲತಾ ಎಡಗೈಯಲ್ಲಿ ಸ್ಪೀಕರ್ ಒತ್ತಿದಳು.

"ಎಲ್ಲಿದ್ದೀಯೇ?" ಅವನ ದನಿ ಟೇಬಲ್ಲಿನ ತುಂಬ ಹರಡಿತು. "ನಿಜವಾಗ್ಲೂ ಹೋಗೇಬಿಟ್ಯಾ? ಸ್ವಲ್ಪನಾದ್ರೂ ಬುದ್ಧಿ ಬ್ಯಾಡ್ವಾ? ನಾಲ್ಕು ಜನ ಏನಂತಾರೆ?"

"ಇರಿ, ಇಲ್ಲೇ ಕೂತವ್ರೆ, ಕೇಳ್ತೀನಿ" ಎಂದಳು ಹೇಮಲತಾ. ಎಲೆಗಳ ಕಡೆ ತಿರುಗಿ, "ನಮ್ಮನೆಯೋರು ಕೇಳ್ತಾವ್ರೆ. ಏನಂತೀರಾ?"

"ಕೋಸಂಬರಿಗೆ ಉಪ್ಪು ಸಾಲ್ದು ಅಂತೀನಿ ಕಣಪ್ಪೋ" ಎಂದು ಕೆಂಚಮ್ಮ ಫೋನಿಗೆ ಬಾಗಿ ಕೂಗಿದಳು. "ಸೌತೆಕಾಯಿ ನನ್ ತಾವೇ ತಗಂಡಿದ್ರೆ ಚಂದಾಗಿರೋದು."

"ಸಾರು ಬಲು ಪಸಂದಾಗೈತೆ ಸ್ವಾಮಿ" ಎಂದ ಜವರಣ್ಣ. "ತುಪ್ಪದಲ್ಲಿ ಒಸಿ ಕೈ ಹಿಡ್ದವ್ರೆ."

ಬಾಯ ತುಂಬ ತುಂಬಿಕೊಂಡಿದ್ದ ಲಕ್ಕಪ್ಪ "ಹೋಳಿಗೆ" ಎಂದಷ್ಟೇ ಹೇಳಿ ಕೈಯೆತ್ತಿದ.

ಆ ಕಡೆ ಚಿದಂಬರ ದನಿ ಏರಿಸಿದ. "ಯಾರೇ ಅವ್ರೆಲ್ಲ?"

"ನಾಲ್ಕು ಜನ."

"ಮೂರೇ ಜನ ಮಾತಾಡಿದ್ದು" ಎಂದ ಚಿದಂಬರ. ಕೊಬ್ಬರಿ ಎಣಿಸಿದವನ ಲೆಕ್ಕ, ಅದೆಲ್ಲಿ ತಪ್ಪೀತು? "ನಾಲ್ಕನೆಯವ್ರು ಯಾರು?"

"ನಾನು ಕಣ್ರೀ." ಹೇಮಲತಾ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆ ನಾಲ್ಕು ಜನದಲ್ಲಿ ನಾನೂ ಒಬ್ಳು. ಮದುವೆಯಾದಾಗಿಂದ ನಾಲ್ಕು ಜನ ಏನಂತಾರೆ, ನಾಲ್ಕು ಜನ ಏನಂತಾರೆ ಅಂತ ಕೇಳ್ಕೊಂಡೇ ಬಂದ್ರಿ. ನಾನೇನಂತೀನಿ ಅಂತ ಒಂದಿನ ಕೇಳಿದ್ರಾ? ಉಂಡಾದ ಮೇಲೆ ಮಾತಾಡು ಅಂದ್ರಲ್ಲ, ಈಗ ಮಾತಾಡ್ತಾ ಇದ್ದೀನಿ."

ಮಂಡಿಯಲ್ಲಿ ಯಾವುದೋ ಲಾರಿ ಹಾರನ್ ಹೊಡೆದದ್ದು ಕೇಳಿಸಿತು. ಆಮೇಲೆ ಬಲು ಸಣ್ಣ ದನಿಯಲ್ಲಿ ಚಿದಂಬರ ಕೇಳಿದ, "ಏನಂತೀಯ?"

"ಹೊತ್ತಾಗುತ್ತೆ ಅಂತೀನಿ. ಹಳೇಬೀಡಲ್ಲಿ ಇಳಿದು ದೇವಸ್ಥಾನ ನೋಡ್ಕೊಂಡು ಬತ್ತೀನಿ. ರಾತ್ರಿಗೆ ಅನ್ನಕ್ಕೆ ನೀವೇ ಇಟ್ಕೊಳಿ."

"ಅದೆಂಗೇ? ನಾಲ್ಕು ಜ..." ಎಂದ ಚಿದಂಬರ. ಮಾತು ಅಲ್ಲೇ ಸಿಕ್ಕಿಹಾಕಿಕೊಂಡಿತು. ಹೇಮಲತಾ ಫೋನ್ ಇಟ್ಟಳು.

ಬಡಿಸುವವನು ಹೋಳಿಗೆಯ ತಟ್ಟೆ ಹಿಡಿದು ಮತ್ತೆ ಬಂದಿದ್ದ. ಎರಡನೇ ಸಲ ಬಂದಾಗ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುವುದು ಹೆಂಗಸರಿಗೆ ಮರ್ಯಾದೆ ಎಂದು ಅವಳ ಅವ್ವ ಕಲಿಸಿದ್ದಳು. ಹೇಮಲತಾ ಕೈ ಅಡ್ಡ ಹಿಡಿಯಲಿಲ್ಲ.

"ಎರಡು ಹಾಕಪ್ಪ" ಎಂದಳು.