ತೆಗೆದುಹಾಕಿದ ಸಿಳ್ಳೆ

ಗುಂಡಿ ಒತ್ತಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಸದ್ದು ಕೇಳಿದಾಗ ಒತ್ತಿ ಎಂದಿದ್ದರು ಡಾಕ್ಟರಮ್ಮ. ಕಿವಿಯಲ್ಲಿ ಸದ್ದು ನಿಂತಿದ್ದಾದರೂ ಯಾವಾಗ?

ರೇಡಿಯೋದಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಕೇಳುವ ಕೆಲಸ. ಧ್ವನಿಮುದ್ರಿಸಿದ ಮಾತುಗಳಿಂದ ಕೆಮ್ಮು, ಕುರ್ಚಿಯ ಕಿರುಗುಟ್ಟುವ ಸದ್ದು, ಫ್ಯಾನಿನ ಗುಂಯ್ ತೆಗೆದು ಶುಚಿ ಮಾಡುವುದು. ಇವತ್ತು ಅವನೇ ಕಿವಿ ಪರೀಕ್ಷೆಯ ಗಾಜಿನ ಗೂಡಿನೊಳಗೆ.

ಪರೀಕ್ಷೆ ಮುಗಿದು, ಯಾವ ಸ್ವರ ಎಷ್ಟು ಕೇಳುತ್ತದೆಂಬ ನಕ್ಷೆ ಬಂತು. ನೆಟ್ಟಗೆ ನಡೆದ ಗೆರೆ ಒಂದೇ ಕಡೆ ಬಾವಿಗೆ ಬಿದ್ದಂತೆ ಇಳಿದು, ಮತ್ತೆ ಹತ್ತಿತ್ತು.

"ಈ ಸಿಳ್ಳೆ ಶುರುವಾಗಿ ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

"ಆಗಲೇ ಯಾಕೆ ಬರಲಿಲ್ಲ?"

"ಕೆಲಸ ಇತ್ತು."

ಮೊದಲ ಒಂದೆರಡು ವಾರದಲ್ಲಿ ಬಂದಿದ್ದರೆ ಸ್ಟೀರಾಯ್ಡ್ ಮಾತ್ರೆ ಕೊಟ್ಟು ನೋಡಬಹುದಿತ್ತು, ಕೆಲವರಿಗೆ ಕಿವಿ ಮರಳುತ್ತದೆ ಎಂದರು ಡಾಕ್ಟರಮ್ಮ. ಈಗ ಅದು ಹಳೆಯದಾಗಿದೆ, ಓಡಿಸುವ ಔಷಧಿಯಿಲ್ಲ. ಕಿವಿಗೆ ಯಂತ್ರ ಹಾಕಬಹುದು, ಮೆಲ್ಲನೆ ಬೇರೊಂದು ಸದ್ದು ಹಚ್ಚಿ ಇದನ್ನು ಮರೆಸಬಹುದು, ಆಪ್ತಸಲಹೆಗೆ ಬರಬಹುದು. ಹೋಗದ ನೆಂಟ ಅಂದುಕೊಳ್ಳಿ, ಮಾತಾಡಿಸದಿದ್ದರೆ ಮೂಲೆಯಲ್ಲಿ ಕೂತಿರುತ್ತಾನೆ ಎಂದು ನಕ್ಕರು. ಅವನೂ ನಕ್ಕ. ನಕ್ಷೆ ಮಾತ್ರ ನಗಿಸುವಂತಿರಲಿಲ್ಲ. ಆ ಬಾವಿಯನ್ನು ಅವನು ಬಲ್ಲ. ಅಂಥದ್ದನ್ನೇ ಯಂತ್ರದಲ್ಲಿ ತನ್ನ ಕೈಯಾರೆ ತೋಡಿದ್ದ.

ಸಿಳ್ಳೆ ಮೊದಲು ಕೇಳಿದಾಗ ತಪ್ಪು ಯಂತ್ರದ್ದು ಅಂದುಕೊಂಡಿದ್ದ. ವೈರು ಬದಲಿಸಿದ, ಎಲೆಕ್ಟ್ರಿಷಿಯನ್ ಜೊತೆ ಜಗಳವಾಡಿದ. ಆಮೇಲೆ ಪ್ರತಿ ಧ್ವನಿಯಿಂದಲೂ ಆ ಒಂದು ಸ್ವರವನ್ನು ಕತ್ತರಿಸುತ್ತಾ ಕೂತ. ಹೋಗಲಿಲ್ಲ; ಇನ್ನೂ ಆಳಕ್ಕೆ ಕತ್ತರಿಸಿದ. ಮೂರು ವಾರ, ಸಿಳ್ಳೆ ತನ್ನ ಕಿವಿಯದೇ ಎಂದು ತಿಳಿಯುವವರೆಗೆ. "ನನ್ನ ಬಾಯಿಗೆ ಹತ್ತಿ ತುರುಕಿದೀರಾ ಸಾರ್?" ಎಂದು ವಾರ್ತೆ ಓದುವಾಕೆ ಕೇಳಿದ್ದಳು. ಅವಳ ಗೊಣಗಾಟ ಇದ್ದದ್ದೇ ಎಂದು ಬಿಟ್ಟಿದ್ದ. ಕತ್ತರಿಸಿದ ಜಾಗದಲ್ಲೇ ಅವನ ಕಿವಿಯೂ ಸತ್ತಿತ್ತು. ಕಳೆದದ್ದು ಅವನಿಗೆ ಕೇಳುವುದು ಹೇಗೆ?

ಅದೇ ಮೂರು ವಾರದಲ್ಲಿ, ಅಮ್ಮ ಇದ್ದಾಗ ಮುದ್ರಿಸಿಟ್ಟಿದ್ದ ಅವಳ ದನಿಯನ್ನೂ ಶುಚಿ ಮಾಡಿದ್ದ. ಅಮ್ಮನದೆಂದು ಸ್ವಲ್ಪ ಹೆಚ್ಚೇ. ಶುಚಿಯಾದ ಮೇಲೆ ಮೂಲವನ್ನು ಅಳಿಸುವುದು ರೇಡಿಯೋದಲ್ಲಿ ರೂಢಿ. ಅಳಿಸಿದ್ದ. ಅಮ್ಮ ಇರುವುದು ಈಗ ಅದೊಂದರಲ್ಲೇ.

ಮಧ್ಯಾಹ್ನ ಮನೆಗೆ ಬಂದಾಗ ಅಕ್ಕ ಕಾಯುತ್ತಿದ್ದಳು. ಅಮ್ಮ ಹೋದ ದಿನ ತಲುಪಲಾಗದವಳು. ದನಿಯನ್ನಾದರೂ ಕೇಳಿಸೋ ಎಂದು ದುಂಬಾಲು ಬಿದ್ದಿದ್ದಳು. ಹೇಳಿಬಿಡಬೇಕು ಎಂದು ಮೆಟ್ಟಿಲು ಹತ್ತುವಾಗ ನಿಶ್ಚಯಿಸಿದ್ದ. ಹೇಳಲಿಲ್ಲ, ಅಮ್ಮನ ದನಿ ಹಾಕಿದ.

ಅಕ್ಕ ಚಿಕ್ಕವಳಿದ್ದಾಗ ಬೀರುವಿನಲ್ಲಿ ಅಡಗಿ ನಿದ್ದೆಹೋದದ್ದು, ಇಡೀ ಬೀದಿ ಹುಡುಕಿದ್ದು, ಅಮ್ಮ ಹೇಳುತ್ತಾ ಹೋದಳು. ಅವನಿಗೆ ಎಂದಿನ ಅಮ್ಮನೇ. ಅಕ್ಕ ನಕ್ಕಳು. ನಡುವೆ ನಗು ನಿಂತಿತು.

"ಅಮ್ಮನ ಹಲ್ಲು ಆಗಲೇ ಹೋಗಿತ್ತೇನೋ?"

"ಯಾಕೆ?"

"ನನ್ನ ಹೆಸರು ಕರೆದಳಲ್ಲ, ಬೇರೆ ಯಾರನ್ನೋ ಕರೆದ ಹಾಗಿತ್ತು."

"ಇರಬೇಕು," ಅಂದ.

ಅಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡಳು. ಕೊನೆಗೆ ಅಮ್ಮ ಮಾತು ನಿಲ್ಲಿಸಿದಳು.

"ಮುಗೀತಾ?"

ಅವನ ಬೆರಳು ಸ್ವಿಚ್ಚಿನ ಮೇಲೇ ಇತ್ತು, ಕಿವಿಯಲ್ಲಿ ಸಿಳ್ಳೆ.

"ತಾಳು ಅಕ್ಕ. ಇನ್ನೂ ಬರ್ತಿದೆ."

ಅಕ್ಕ ನಂಬಿ ಕುರ್ಚಿ ಹತ್ತಿರ ಎಳೆದುಕೊಂಡು ಕಿವಿಗೊಟ್ಟಳು. ಸದ್ದಿನ ಮಟ್ಟ ತೋರಿಸುವ ಯಂತ್ರದ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.