ಎತ್ತಿಟ್ಟ ನೀರಿನ ಬಟ್ಟಲು

ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದ್ದ ನಮ್ಮ ನಾಯಿಗೆ ಡಾಕ್ಟರು ಮೂತ್ರ ಹೋಗುವ ಮಾತ್ರೆ ಕೊಟ್ಟರು. ಮೊದಲ ದಿನವೇ ನಡುಮನೆ ಸಮುದ್ರವಾಯಿತು, ದೋಣಿಯೊಂದೇ ಬಾಕಿ. ಮೂರು ಲೋಕದಲ್ಲೂ ನನ್ನಂಥ ಬುದ್ಧಿವಂತನಿಲ್ಲವಲ್ಲ, ಅದರ ನೀರಿನ ಬಟ್ಟಲನ್ನೇ ಎತ್ತಿಟ್ಟೆ. ಮರುದಿನ ನಾಯಿಗೆ ಏಳಲಾಗಲಿಲ್ಲ. ಏಳು ಬೀದಿಗೂ ಕೇಳುವಂತೆ ಅಮ್ಮನನ್ನು ಕೂಗಿದೆ.

ಅಮ್ಮ ಅದರ ಒಸಡು ಮುಟ್ಟಿ ನೋಡಿದಳು. "ಒಣಗಿ ಹೋಗಿದೆಯಲ್ಲೋ! ನೀರೆಲ್ಲಿ?"

"ಕುಡಿದ್ರೆ ತಾನೇ ಉಚ್ಚೆ ಹುಯ್ಯೋದು ಅಂತ..."

"ನಾನೂ ಅಂಥದ್ದೇ ಮಾತ್ರೆ ನುಂಗ್ತೀನಿ. ನನ್ನ ಚೊಂಬನ್ನೂ ಬಚ್ಚಿಡ್ತೀಯೇನೋ, ಮಹಾಪಂಡಿತ?"

ನಾಯಿಯನ್ನು ಹೊತ್ತು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಹುಷಾರಾಗಿ ಡ್ರಿಪ್ ಹಾಕಿ, "ಕಿಡ್ನಿಗೆ ಪೆಟ್ಟು ಬಿದ್ದಿರಬಹುದು. ಮೂತ್ರ ಬರುತ್ತಾ ನೋಡೋಣ" ಎಂದರು. ಅದರ ಹಿಂಗಾಲನ್ನೇ ನೋಡುತ್ತ ಯುಗಗಟ್ಟಲೆ ನಿಂತೆ. ಕೊನೆಗೆ ಮೇಜಿನಿಂದ ಏನೋ ಬೆಚ್ಚಗೆ ನನ್ನ ಪಾದದ ಮೇಲೆ ತೊಟ್ಟಿಕ್ಕಿತು. ನಾನು ಪಾದ ಸರಿಸಲಿಲ್ಲ.